ಹೊಸ ಹಗ್ಗ

ಯಮಕನಮರಡಿ

ಬಾಳಗೌಡ ಸಾವಕಾರರಿಗೆ ನಮಸ್ಕಾರ.

ನಮ್ಮ ಮನೆಗೆ ಸಹಾಯದ ಹಣ ಕೂಡಿಸಲೆಂದು ನಿಮ್ಮ ವ್ಯಾಪಾರಿ ಗೆಳೆಯರಿಗೆ ಭಾನುವಾರ ಆಟೋಟ ಇಟ್ಟಿದ್ದೀರಿ. ಉದ್ಘಾಟನೆಗೆ ನನ್ನನ್ನು ಕರೆದಿದ್ದೀರಿ. ನಿನ್ನೆ ಮೈದಾನದಲ್ಲಿ ನಿಮ್ಮ ಮ್ಯಾನೇಜರು ಹಗ್ಗಜಗ್ಗಾಟದ ಹಗ್ಗ ತೋರಿಸಿ ನಕ್ಕರು: "ಜಗ್ಗಿ ನೋಡ್ರಿ ವೈನಿ. ಸಾವಕಾರ ಮಂದಿ ಬಿದ್ದು ಹಲ್ಲು ಮುರಕೋಬಾರದಲ್ರಿ, ಅದಕ್ಕ ಹೊಸಾದ ತಂದೇವಿ."

ನನ್ನ ಗಂಡ ಯಲ್ಲಾರಿ ನಿಮ್ಮ ಲಾರಿಯ ಚೀಲ ಕಟ್ಟಲು ಹೊಸ ಹಗ್ಗ ಕೇಳಿದಾಗ ನೀವು, "ಇನ್ನೊಂದ ಸೀಜನ್ ನಡಿತೈತಿ, ಸುಮ್ನ ಹೋಗಲೇ" ಅಂದಿರಿ. ಮರುವಾರ ಆ ಹಳೆಯ ಹಗ್ಗವೇ ಹರಿದು ಗೋವಿನಜೋಳದ ಚೀಲಗಳು ಮೇಲೆ ಬಿದ್ದು ಅವರು ತೀರಿಕೊಂಡರು.

ನಾನು ಉದ್ಘಾಟನೆಗೆ ಬರುವುದಿಲ್ಲ. ಆಟ ಮುಗಿದ ಕೂಡಲೇ ಆ ಹಗ್ಗವನ್ನು ಲಾರಿಗೆ ಹಾಕಿಸಿ. ಈಗ ಆ ಲಾರಿಗೆ ಚೀಲ ಹೇರುವವನು ನನ್ನ ಮಗ ಅರ್ಜುನ.

ಹಗ್ಗಕ್ಕೆ ಕಾಯುತ್ತಿರುವ,
ಕಾಡವ್ವ