ಒಡೆಯದ ಮೂರು ಸ್ಯಾಂಪಲ್‌ಗಳು

ಮಾರ್ಚ್ ಹನ್ನೊಂದು

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ಫೆಬ್ರವರಿ ಒಂಬತ್ತರಂದು ನಮ್ಮ ಚಿನ್ನದ ಗಣಿಯಲ್ಲಿ, ಇನ್ನೂ ಬಲಿಯದ ಗೋಡೆಯ ಪಕ್ಕ ಅದಿರು ತೆಗೆಯಲು ಜನರನ್ನು ಇಳಿಸಿದರು. ಗೋಡೆ ಜರಿಯಿತು. ನಿನ್ನ ಭಾವ ಮೇಲೆ ಬರಲಿಲ್ಲ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಅಳುತ್ತಾ ಕೂತಿರಲಿಲ್ಲ, ಗಣಿಯವರು ಕೊಟ್ಟ ಅಪಘಾತದ ವರದಿ ಓದುತ್ತಿದ್ದೆ.

"ಬಂಡೆ ತಾನಾಗಿ ಕುಸಿಯಿತು" ಅಂತ ಬರೆದಿದ್ದಾರೆ. ಬಂಡೆ ಎಲ್ಲಿಯದಪ್ಪಾ? ಚಿನ್ನ ತೆಗೆದುಳಿದ ಮರಳಿಗೆ ಸಿಮೆಂಟು ಕಲಸಿ, ಅಗೆದು ಖಾಲಿಯಾದ ಜಾಗಕ್ಕೆ ನಾವೇ ತುಂಬಿದ್ದು ಅದು. ಇಪ್ಪತ್ತೆಂಟು ದಿನ ಬಲಿಯಬೇಕು. ಇದೇ ಗಣಿಯ ಇಂಜಿನಿಯರಾದ ನಿನಗೆ ನಾನು ಹೇಳಿಕೊಡಬೇಕೆ? ಪ್ರತಿ ಸಲ ತುಂಬುವಾಗಲೂ ಅದೇ ಕಲಸಿನಿಂದ ಮೂರು ಸ್ಯಾಂಪಲ್ ಅಚ್ಚು ಹಾಕಿ ಇಡುವುದು ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ. ಅವನ್ನು ಯಂತ್ರದಲ್ಲಿ ಒಡೆದು, ಗಟ್ಟಿ ಎಂದು ತಿಳಿದ ಮೇಲಷ್ಟೇ ಪಕ್ಕದಲ್ಲಿ ಅಗೆಯಬೇಕು.

"ಹದಿನಾಲ್ಕನೇ ದಿನವೇ ಮೂರನ್ನೂ ಒಡೆದೆವು, ಗಟ್ಟಿಯಿದ್ದವು" ಎನ್ನುತ್ತದೆ ವರದಿ. ಜನವರಿ ಕೊನೆಯಿಂದ ಮೊಣಕಾಲು ನೋವಿಗೆಂದು ಹಾಕಿದ್ದ ರಜೆ ಮುಗಿಸಿ ನಿನ್ನೆ ಲ್ಯಾಬಿಗೆ ಹೋದೆ. ಕಾವಲುಗಾರ ತಡೆದ: "ದೊಡ್ಡೋರ ತಂಟೆ ಯಾಕಮ್ಮಾ?"

"ದೊಡ್ಡೋರು ಸ್ಯಾಂಪಲ್ ಮುಟ್ಟಿದಾರೋ ಇಲ್ವೋ ನೋಡ್ತೀನಿ. ಬೀಗದಕೈ ಕೊಡಪ್ಪ."

ಸ್ಯಾಂಪಲ್ ಬಲಿಯಲು ಇಡುವ ತೇವದ ಕೋಣೆಯಲ್ಲಿ ಮೂರೂ ಇಡಿಯಾಗಿ ಕೂತಿವೆ, ಜನವರಿ ಇಪ್ಪತ್ತನಾಲ್ಕು ಎಂದು ಗೋಡೆ ತುಂಬಿದ ದಿನವೇ ನಾನು ಮೊಳೆಯಲ್ಲಿ ಗೀಚಿದ ತಾರೀಖಿನ ಸಮೇತ.

ಆರು ವರ್ಷದವನಿದ್ದಾಗ ನಮ್ಮ ಹೊಸ ಮೆಟ್ಟಿಲ ಹಸಿ ಸಿಮೆಂಟಿನ ಮೇಲೆ ಹಾರಿದ್ದೆಯಲ್ಲ? "ಒಣಗೋ ತನಕ ತಾಳೋಕಾಗಲ್ವೇನೋ ಕೋತಿ!" ಎಂದು ಅಮ್ಮ ಕಿವಿ ಹಿಂಡಿದ್ದಳು. ಆ ಪಾದದ ಗುರುತು ಇನ್ನೂ ಇದೆ. ನನ್ನ ಮಕ್ಕಳು ಅದರಲ್ಲಿ ಕಾಲಿಟ್ಟು ಅಳತೆ ನೋಡುತ್ತಿರುತ್ತಾರೆ.

ಸೋಮವಾರ ವಿಚಾರಣೆ. ಮೂರನ್ನೂ ಮೇಜಿನ ಮೇಲಿಡುತ್ತೇನೆ. ಕೆಲಸ ಹೋದರೆ ಹೋಗಲಿ. ನೀನು ಊಟ ಬಿಟ್ಟಿದ್ದೀಯಂತೆ, ನಿನ್ನ ಹೆಂಡತಿ ಹೇಳಿದಳು. ಹೊಟ್ಟೆಗೆ ಹಾಕಿಕೋ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ

ತಾ.ಕ.: ಅವತ್ತು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ನಿನ್ನ ಭಾವ ಕೇಳಿದರು, "ಹದಿನಾರು ದಿನಕ್ಕೇ ಇಳಿಸ್ತಿದಾರಲ್ಲೇ, ತಡೆಯುತ್ತಾ ಗೋಡೆ?" ನಾನೇ ಅಂದೆ, "ಇಳಿಸೋ ಅಪ್ಪಣೆಗೆ ಸಹಿ ಹಾಕಿರೋನು ನನ್ನ ತಮ್ಮ. ಒಡೆದು ನೋಡದೆ ಹಾಕ್ತಾನಾ? ಹೋಗಿ ಬನ್ನಿ." ಆ ಸಹಿ ನಿನ್ನಿಂದ ಹಾಕಿಸಿದವರು ಯಾರು? ನನಗೆ ಕಾಗದ ಬರೆಯಬೇಡ. ಸೋಮವಾರ ಎಲ್ಲರೆದುರು ಎದ್ದು ನಿಂತು ಹೇಳು.