ಡಿಪೋ ಗೋಡೆಯ ಮೇಲಿನ ಹಾಳೆ

ಕೇಣಿ, ಅಂಕೋಲಾ
14 ನವೆಂಬರ್ 2024, ಗುರುವಾರ ಸಂಜೆ

ನನ್ನ ಹೆತ್ತ ಆಯಿಗೆ,

ನಿನ್ನ ಮೊಣಕಾಲು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ಮತ್ತೆ ಬಾತುಕೊಂಡಿರಬೇಕು. ಕೇಳಿದರೆ ಇಲ್ಲವೆನ್ನುತ್ತೀ, ಅದೂ ಗೊತ್ತು. ನೀತಕ್ಕನ ಬಿಪಿ ಇಳಿಯಿತೇ? ಹೆರಿಗೆಯವರೆಗೂ ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ ಮೇಲೂ ಅವಳು ಎದ್ದು ಪಾತ್ರೆ ತಿಕ್ಕಲು ಹೊರಟರೆ ನನ್ನ ಹೆಸರು ಹೇಳಿ ಬೈದುಬಿಡು. ಫೋನಿದ್ದೂ ಇವಳು ಪತ್ರ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಿನಗೆ ಸ್ಪೀಕರ್ ಹಾಕದೆ ಫೋನು ಕೇಳಿಸುವುದಿಲ್ಲ. ಅಲ್ಲಿ ನಿನ್ನ ಪಕ್ಕದಲ್ಲಿ ಅಕ್ಕ, ಇಲ್ಲಿ ನನ್ನ ಪಕ್ಕದಲ್ಲಿ ಅಪ್ಪ. ನನ್ನ ಗೆಳತಿ ಸಂಧ್ಯಾ ನಾಳೆ ಬೆಳಗಿನ ರೈಲಿಗೆ ನಿಮ್ಮ ವಾಸ್ಕೋಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅಕ್ಕನ ಎದುರು ಓದಬೇಡ, ಇಷ್ಟು ಮಾಡು.

ನಿನ್ನೆ ತುಳಸಿ ಲಗ್ನ ಮುಗಿಯಿತು. ಕಬ್ಬು, ನೆಲ್ಲಿಯ ಟೊಂಗೆ ಎಲ್ಲವನ್ನೂ ಅಪ್ಪನೇ ತಂದು ಕಟ್ಟಿದ. ಪಂಚಕಜ್ಜಾಯಕ್ಕೆ ಬೆಲ್ಲ ಜಾಸ್ತಿಯಾಯಿತು, ಅದು ನನ್ನ ಪ್ರತಾಪ. ಮನೆಗೆ ಮೀನು ಬಾರದೆ ಬೆಕ್ಕು ನನ್ನ ಮೇಲೆ ಸಿಟ್ಟು ಮಾಡಿಕೊಂಡು ಪಕ್ಕದ ಮನೆ ಸೇರಿದೆ. ದಂಡೆಯಲ್ಲಿ ಬಂಗಡೆ ರಾಶಿ ಬಿದ್ದ ದಿನವೂ ಅಪ್ಪ ತೊವ್ವೆ ಅನ್ನ ಉಂಡು ಎದ್ದ. ಮೀನಿಲ್ಲದೆ ತುತ್ತು ಇಳಿಯದ ಮನುಷ್ಯ ಚೌತಿಯಿಂದ ಇತ್ತ ಒಂದು ತುಂಡೂ ಬಾಯಿಗಿಟ್ಟಿಲ್ಲ ಎಂದು ನೀನು ಫೋನಿನಲ್ಲಿ ಕೇಳಿ ಎಷ್ಟು ಖುಷಿಪಟ್ಟೆ! ಖುಷಿಪಡಬೇಡ ಆಯಿ. ನನ್ನ ಸಂಕಟವೆಲ್ಲ ಅಲ್ಲೇ ಇದೆ.

ಕಾರವಾರದಲ್ಲಿ ನಮ್ಮ ಎಂಎಸ್ಸಿ ಕ್ಲಾಸಿಗೆ ಸರ್ ಒಂದು ಕೆಲಸ ಕೊಟ್ಟಿದ್ದರಲ್ಲ, ಇಂಟರ್‌ನೆಟ್ಟಿನ ವಿಶ್ವಕೋಶಕ್ಕೆ ಕನ್ನಡದಲ್ಲಿ ಲೇಖನ ಬರೆಯುವುದು? ವಿಷಯ ಡಿಎನ್‌ಎ, ಆರ್‌ಎನ್‌ಎ ಮುಂತಾದ ನ್ಯೂಕ್ಲಿಯಿಕ್ ಆಮ್ಲಗಳು. ಒಂದೊಂದು ಲೇಖನವನ್ನು ಇಬ್ಬಿಬ್ಬರಿಗೆ ಹಂಚಿದರು. ನನಗೂ ನಿತೇಶನಿಗೂ ಬಂದದ್ದು ಪ್ಯೂರಿನ್. ಡಿಎನ್‌ಎ ಕಟ್ಟಿಕೊಳ್ಳಲು ಬೇಕಾದ ಸಾಮಾನುಗಳಲ್ಲಿ ಅದೂ ಒಂದು. ಅದು ಒಡೆದಾಗ ಯೂರಿಕ್ ಆಮ್ಲ ಆಗುತ್ತದೆ. ಯೂರಿಕ್ ಆಮ್ಲ ಎಂದರೆ ನಿನಗೆ ಬೇರೆ ಹೇಳಬೇಕೇ, ಹೋದ ವರ್ಷ ಅಪ್ಪನ ಬಲಗಾಲ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಕೂಗುತ್ತಿದ್ದನಲ್ಲ, ಅದೇ. ಹಾಗಾಗಿ ಊಟದಿಂದ ಬರುವ ಪ್ಯೂರಿನ್ ಮತ್ತು ಅದು ಒಡೆಯುವ ಭಾಗವನ್ನು ನಾನೇ ಕೇಳಿ ತೆಗೆದುಕೊಂಡೆ. ಬಂಗಡೆ, ತಾರ್ಲೆ, ಒಣಮೀನು ಎಲ್ಲ ಹಾಕಿ, ಒಂದೊಂದು ಸಾಲಿಗೂ ಆಧಾರ ಕೊಟ್ಟು ಬರೆದೆ. ತಪ್ಪು ಒಂದೂ ಇರಲಿಲ್ಲ. ಆದರೆ ಯೂರಿಕ್ ಆಮ್ಲದ ದೊಡ್ಡ ಪಾಲು ಊಟದಿಂದ ಬರುವುದೇ ಅಲ್ಲ, ನಮ್ಮ ದೇಹವೇ ಪ್ಯೂರಿನ್ ತಯಾರಿಸುತ್ತದೆ, ಅದರಿಂದ ಬರುತ್ತದೆ. ಅದನ್ನು ಬರೆಯಬೇಕಾದವನು ನಿತೇಶ. ಆ ಮಹಾರಾಯ ತಲೆಬರಹ ಹಾಕಿ, ಕೆಳಗೆ ಜಾಗ ಖಾಲಿ ಬಿಟ್ಟು ಚೌತಿಗೆ ಊರಿಗೆ ಹೋದ. ವಿಶ್ವಕೋಶದಲ್ಲಿ ಹಾಗೆ ಅರ್ಧ ಇಟ್ಟರೆ ಯಾರೂ ಬೈಯುವುದಿಲ್ಲ, ಇವತ್ತಲ್ಲ ನಾಳೆ ಯಾರಾದರೂ ತುಂಬುತ್ತಾರೆ ಎಂದೇ ಅದು ನಡೆಯುವುದು.

ಆ ಅರ್ಧವನ್ನು ನಾನೇ ಅಪ್ಪನ ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಪರೀಕ್ಷೆಗೆ ಓದುವವನ ಹಾಗೆ ಓದಿದ. ನನ್ನ ಹೆಸರೆಲ್ಲಿ ಎಂದು ಹುಡುಕಿದ. ಅಲ್ಲಿ ಲೇಖನದಡಿ ಬರೆದವರ ಹೆಸರು ಹಾಕುವುದಿಲ್ಲ ಅಂದರೆ ಅವನಿಗೆ ಬೇಸರವಾಯಿತು. ಮರುದಿನ ಅಂಕೋಲಾ ಪೇಟೆಯಲ್ಲಿ ನನ್ನ ಭಾಗವನ್ನಷ್ಟೇ ಪ್ರಿಂಟ್ ತೆಗೆಸಿ, ಕೆಳಗೆ ತನ್ನ ಕೈಯಾರೆ 'ಬರೆದವರು: ಕುಮಾರಿ ದೀಕ್ಷಾ ಮಂಗೇಶ ನಾಯ್ಕ' ಎಂದು ಬರೆದು, ತನ್ನ ಬಸ್ ಡಿಪೋದಲ್ಲಿ ಡ್ರೈವರುಗಳು ಕೂರುವ ಕೋಣೆಯ ಗೋಡೆಗೆ ಅಂಟಿಸಿದ. ನನಗೆ ನಾಚಿಕೆಯಾಯಿತು, ಸುಳ್ಳೇಕೆ, ಹೆಮ್ಮೆಯೂ ಆಯಿತು. ನಿನ್ನೆ ತುಳಸಿಗೆ ಸುತ್ತು ಬರುವಾಗ ಅಪ್ಪ ಬಲಗಾಲು ಎಳೆಯುತ್ತಿದ್ದ. ಆಮೇಲೆ ದೀಪದ ಬತ್ತಿ ಹುಡುಕಲು ಹೋದರೆ ದೇವರ ಗೂಡಿನ ಹಿಂದೆ ಅವನ ಯೂರಿಕ್ ಆಮ್ಲದ ಮಾತ್ರೆಗಳು ಸಿಕ್ಕವು, ಪಟ್ಟಿ ಒಡೆಯದೇ ಹಾಗೇ ಇದ್ದವು. ದಿನಾ ತಪ್ಪದೆ ತೆಗೆದುಕೊಳ್ಳಲು ಡಾಕ್ಟರು ಹೇಳಿದ ಮಾತ್ರೆ ಆಯಿ! ಮೀನಿನಿಂದ ಬಂದ ರೋಗ, ಮೀನು ಬಿಟ್ಟೆ, ಇನ್ನು ಮಾತ್ರೆ ಯಾಕೆ ಎಂದು ಅವನ ಲೆಕ್ಕ. ಹಾಗೆಂದು ನಾನು ಎಲ್ಲೂ ಬರೆದಿಲ್ಲ. ಆದರೆ ನಾನು ಬರೆದಷ್ಟನ್ನೇ ಓದಿದರೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ.

ನಾನು ಹೇಳಲಿಲ್ಲ ಅಂದುಕೊಂಡೆಯಾ? ಎದುರು ಕೂತು ಹೇಳಿದೆ. ನಿತೇಶ ಈಗ ತನ್ನ ಭಾಗ ಬರೆದು ಹಾಕಿದ್ದಾನೆ, ಅದನ್ನೂ ಓದಿ ಹೇಳಿದೆ. "ಅದು ಬ್ಯಾರೆಯವ್ರು ಬರ್ದದ್ದು, ನಂಗೆಂತಕೆ?" ಅಂದ. ನನ್ನದು ಅರ್ಧವೇ ಆಗಿತ್ತಪ್ಪ, ಮಾತ್ರೆ ಬಿಡಬಾರದು ಅಂದರೆ ನನ್ನ ತಲೆ ಸವರಿ, "ಬರ್ದದ್ದು ಒಂದು, ಬಾಯಲ್ಲಿ ಇನ್ನೊಂದಾ? ನೀ ಹೆದರ್ಬೇಡ ಮಗಾ, ನೀ ಬರ್ದದ್ದು ಸುಳ್ಳಾಗೂದಿಲ್ಲ" ಅಂದ. ಕಾಲು ನೋವೇ ಎಂದರೆ, "ಎಂತದ್ದೂ ಇಲ್ಲ, ಕಲ್ಲು ಎಡವಿದ್ದು." ಆಗ ನನಗೆ ಗೊತ್ತಾಯಿತು. ನೋವು ಎಂದು ಒಪ್ಪಿದರೆ ನನ್ನ ಲೇಖನ ಸುಳ್ಳಾಗುತ್ತದಲ್ಲ, ಅದಕ್ಕೆ ಹಲ್ಲು ಕಚ್ಚಿ ಸುಮ್ಮನಿದ್ದಾನೆ. ಇಂಥ ಹುಚ್ಚು ಪ್ರೀತಿಯನ್ನು ಏನು ಮಾಡಲಿ? ನನಗೆ ಅಳುವೂ ಬರುತ್ತದೆ, ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನುವಷ್ಟು ಸಿಟ್ಟೂ ಬರುತ್ತದೆ. ಆ ಕೋಣೆಯಲ್ಲಿ ಇದೇ ರೋಗವಿರುವ ಡ್ರೈವರ್ ದೇವಿದಾಸ ಮಾಮನೂ ಹಾಳೆ ಓದಿ ಮಾತ್ರೆ ಬಿಟ್ಟಿದ್ದಾನಂತೆ. ಕಂಪ್ಯೂಟರಿನಲ್ಲಿ ಇರುವುದನ್ನು ನಾನು ಕೂತಲ್ಲೇ ತಿದ್ದಬಲ್ಲೆ. ಗೋಡೆಯ ಮೇಲಿನದು ನಾನು ಏನು ತಿದ್ದಿದರೂ ಹಾಗೇ ಇರುತ್ತದೆ.

ನೀನಿದ್ದಿದ್ದರೆ ಒಂದೇ ಗದರಿಕೆಗೆ ಮಾತ್ರೆ ನುಂಗುತ್ತಿದ್ದ. ನನ್ನ ಮಾತು ಅವನಿಗೆ ಮಗುವಿನ ಮಾತು, ನನ್ನ ಬರಹ ಮಾತ್ರ ವೇದವಾಕ್ಯ. ಸಂಧ್ಯಾಳ ಹತ್ತಿರ ನೀನು ಹೇಳಿದ ಮಿಡಿ ಉಪ್ಪಿನಕಾಯಿ, ಬಾಣಂತಿಗೆ ಹಳೆಯ ಪಂಚೆಗಳು ಎಲ್ಲ ಇವೆ. ಅಕ್ಕನಿಗೆ ನನ್ನ ಪ್ರೀತಿ ಹೇಳು, ಹುಟ್ಟಲಿರುವ ಮಗುವಿಗೆ ಚಿಕ್ಕಮ್ಮನ ಮುತ್ತು. ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿದು, ಅಲ್ಲಿಂದಲೇ ನನ್ನ ತಲೆಯ ಮೇಲೆ ಕೈಯಿಡು.

ನಿನ್ನ
ದೀಕ್ಷಾ

ಮರೆತದ್ದಲ್ಲ, ಈಗಷ್ಟೇ ಆದದ್ದು: ಲಕೋಟೆಗೆ ಹಾಕುವಷ್ಟರಲ್ಲಿ ಅಪ್ಪ ಡ್ಯೂಟಿ ಮುಗಿಸಿ ಬಂದ. ಬಲಗಾಲಿಗೆ ಚಪ್ಪಲಿ ಇಲ್ಲ, ಕೈಯಲ್ಲಿ ಹಿಡಿದುಕೊಂಡಿದ್ದಾನೆ. ಅರ್ಗಾದ ಹತ್ತಿರ ದನ ಅಡ್ಡ ಬಂದು, ಬಲಗಾಲು ಏಳದೆ ಎಡಗಾಲಲ್ಲಿ ಬ್ರೇಕು ಒತ್ತಿದನಂತೆ. "ದನಕ್ಕೆ ಎಂತದೂ ಆಗ್ಲಿಲ್ಲ" ಎಂದು ನಗುತ್ತ ಹೇಳಿದ. ಆಯಿ, ಬಸ್ಸು ತುಂಬ ಕಾಲೇಜಿನ ಮಕ್ಕಳಿದ್ದರು. ನಾಳೆ ಅವನು ಹೊರಡುವ ಮೊದಲೇ ನಾನು ಡಿಪೋಗೆ ಹೋಗಿ, ಈ ಕಾಲಲ್ಲಿ ಅವನಿಗೆ ಬಸ್ಸು ಕೊಡಬೇಡಿ ಎಂದು ಮ್ಯಾನೇಜರ್ ಎದುರು ಹೇಳುತ್ತೇನೆ. ಎಲ್ಲರೂ ನೋಡುತ್ತಿರುವಾಗ ಆ ಹಾಳೆಯನ್ನೂ ನಾನೇ ಕೀಳುತ್ತೇನೆ, ಅವನು ಬರೆದ ನನ್ನ ಹೆಸರಿನ ಸಮೇತ. ಅವನು ಎಷ್ಟು ದಿನ ನನ್ನ ಜೊತೆ ಮಾತು ಬಿಡುತ್ತಾನೋ ಗೊತ್ತಿಲ್ಲ. ನಿನಗೆ ಫೋನು ಮಾಡಿ ಅತ್ತರೂ ಅಳಬಹುದು. ಮಗಳು ಮಾಡಿದ್ದು ತಪ್ಪು ಎಂದು ಮಾತ್ರ ಅವನಿಗೆ ಹೇಳಬೇಡ.