ಕರಿಬಸಪ್ಪ ಕಾಕಾನ ಅಂಗಳದಲ್ಲಿ ಕೂಗಿದ ದನಿ

ಸಿಂಧನೂರು
17 ನವೆಂಬರ್ 2025, ಸೋಮವಾರ

ಪ್ರೀತಿಯ ಅಬ್ಬಾ,

ಸಲಾಂ. ಮೊಣಕಾಲು ನೋವು ಹೇಗಿದೆ? ಮುದಗಲ್ಲಿನ ಥಂಡಿಗೆ ಕಿವಿಗೆ ಮಫ್ಲರ್ ಕಟ್ಟಿಕೊಳ್ಳುತ್ತೀರೋ ಇಲ್ಲವೋ ಎಂದು ಅಮ್ಮಿ ದಿನಕ್ಕೆ ನಾಲ್ಕು ಸಲ ನನ್ನನ್ನೇ ಕೇಳುತ್ತಾಳೆ, ನಾನೇನೋ ಅಲ್ಲೇ ಇರುವವನ ಹಾಗೆ. ಎಷ್ಟು ಸಲ ಫೋನ್ ಮಾಡಿದರೂ ನೀವು ಎತ್ತಲಿಲ್ಲ. ಗೌಸಿಯಾ ಆಪಾಳನ್ನು ಕೇಳಿದರೆ, ಅಬ್ಬಾ ಮಗಳ ಮನೆಗೆ ಬಂದಾಗಿನಿಂದ ಫೋನ್ ಮುಟ್ಟುವುದೇ ಇಲ್ಲ ಎಂದಳು. ಅದಕ್ಕೇ ಪೆನ್ನು ಹಿಡಿದೆ. ಹತ್ತನೇ ತರಗತಿ ಮುಗಿದ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡಿ, ನಕ್ಕರೂ ಪರವಾಗಿಲ್ಲ.

ಒಂದು ವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮೂವತ್ತು ವರ್ಷ ನೀವು ಆಟೊಗೆ ಮೈಕ್ ಕಟ್ಟಿಕೊಂಡು ಊರಿನ ಅಂಗಡಿಗಳ ಹೆಸರನ್ನು ತುರ್ವಿಹಾಳದವರೆಗೂ ಕೂಗಿದಿರಿ, ಕರಿಬಸಪ್ಪ ಕಾಕಾ ಆಟೊ ಓಡಿಸಿದರು. ಅದೇ ಕಸುಬನ್ನು ನಾನು ಫೋನಿಗೆ ತಂದದ್ದು ತಪ್ಪೇ? ಅಂಗಡಿಯವರು ಈಗ ಆಟೊ ಕೇಳುವುದಿಲ್ಲ, ರೀಲ್ಸ್ ಕೇಳುತ್ತಾರೆ. ನಾನು ಕಲಿತದ್ದಿಷ್ಟು: ಮೂರು ಸೆಕೆಂಡಿನಲ್ಲಿ ಜನರ ಬೆರಳು ನಿಲ್ಲಬೇಕು, ಗದ್ದೆಯಿಂದ ಬಂದವರು ಕೈಕಾಲು ತೊಳೆದು ಕೂರುವ ಸಂಜೆ ಏಳಕ್ಕೆ ವಿಡಿಯೊ ಬೀಳಬೇಕು. ನನ್ನ ದನಿಗೆ ಒಬ್ಬರ ಬೆರಳೂ ನಿಲ್ಲಲಿಲ್ಲ. ಹಿಂದೆ ನೀವು ಆಟೊದಲ್ಲಿ ಕೂಗಿದ್ದನ್ನು ರೆಕಾರ್ಡ್ ಮಾಡಿಟ್ಟ ಪೆನ್‌ಡ್ರೈವ್ ಇತ್ತಲ್ಲ, ಅದರ ‘ಬರ್ರಿ ಅಕ್ಕಾರ, ಬರ್ರಿ ಅಣ್ಣಾರ’ ಹಾಕಿದೆ ನೋಡಿ, ಮಸ್ಕಿಯ ಸೀರೆ ಅಂಗಡಿಗೆ ಲಿಂಗಸುಗೂರಿನವರೂ ಬಂದರು. ನಿಮ್ಮನ್ನು ಕೇಳಿರಲಿಲ್ಲ. ಕೇಳಿದರೆ ಬೇಡ ಅನ್ನುತ್ತೀರೆಂದೇ ಕೇಳಲಿಲ್ಲ. ಅತಿ ಆಸೆ ಗತಿಗೇಡು ಎಂದು ಅಮ್ಮಿ ಈಗಲೂ ಕುಟುಕುತ್ತಾಳೆ.

ಆ ಭಾನುವಾರದ್ದು ಮಾತ್ರ ಬೇಕೆಂದು ಮಾಡಿದ್ದಲ್ಲ, ಅಬ್ಬಾ. ದಿನ, ವೇಳೆ ಮೊದಲೇ ಹೊಂದಿಸಿಟ್ಟರೆ ವಿಡಿಯೊ ತಾನಾಗಿಯೇ ಬೀಳುತ್ತದೆ. ಮೂರು ದಿನ ಮುಂಚೆ ಹೊಂದಿಸಿ ಮರೆತಿದ್ದೆ. ಭಾನುವಾರ ಮಧ್ಯಾಹ್ನ ಕಾಕಾ ತೀರಿಹೋದರು. ಗೊರೇಬಾಳದ ಅವರ ಅಂಗಳದಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದರು, ಭಜನೆ ನಡೆದಿತ್ತು, ನೀವು ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಿರಿ. ಸಂಜೆ ಯಾರೋ ಸುಮ್ಮನೆ ಫೋನ್ ತೆರೆದರು, ನಿಮ್ಮದೇ ದನಿ ಬರ್ರಿ ಬರ್ರಿ ಎಂದು ಕೂಗಿತು. ಅದು ಬಂದ್ ಆಗುವಷ್ಟರಲ್ಲಿ ಇನ್ನೊಬ್ಬರ ಫೋನಿನಲ್ಲಿ ಶುರುವಾಯಿತು. ಭಜನೆ ನಿಂತುಹೋಯಿತು. ಸಾವಾದ ಓಣಿ ಬಂದರೆ ಕಾಕಾ ಆಟೊ ನಿಧಾನ ಮಾಡುವುದು, ನೀವು ಮೈಕ್ ಬಂದ್ ಮಾಡುವುದು, ಓಣಿ ದಾಟಿದ ಮೇಲೇ ಮತ್ತೆ ಕೂಗುವುದು, ಇದನ್ನೆಲ್ಲ ಸಣ್ಣವನಿದ್ದಾಗ ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದೇನೆ. ಯಾರ ಮನೆ ಮುಂದೆ ಕೂಗುತ್ತಿದ್ದೇನೆಂದು ಫೋನಿಗೆ ತಿಳಿಯದು. ನನಗೆ ತಿಳಿಯಬೇಕಿತ್ತು. ನಾಚಿಕೆಯಾಗುತ್ತದೆ. ನೀವು ಅಂದದ್ದು ಒಂದೇ ಮಾತು: ‘ನನ್ನ ದನಿ ಇರೋದನ್ನ ಪೂರಾ ಅಳಸು. ಆಮ್ಯಾಲ ನನ್ನ ಮನಿಗೆ ಕರಿ.’ ಮರುದಿನ ಮಣ್ಣು ಮುಗಿಸಿ ಅಲ್ಲಿಂದಲೇ ಮುದಗಲ್ ಬಸ್ಸು ಹತ್ತಿದಿರಿ.

ಹನ್ನೊಂದು ವಿಡಿಯೊ ಅಳಿಸಿದ್ದೇನೆ. ಅಂಗಡಿಯವರು ಫೋನ್ ಮೇಲೆ ಫೋನ್ ಮಾಡಿ ಬೈಯುತ್ತಿದ್ದಾರೆ, ಬೈಯಲಿ. ಉಳಿದಿರುವುದು ಆ ಭಾನುವಾರದ್ದು ಒಂದೇ. ಬೆರಳು ಅಲ್ಲಿಯವರೆಗೆ ಹೋಗುತ್ತದೆ, ಹಿಂದೆ ಬರುತ್ತದೆ. ಲಾಭದಾಸೆ ಎಂದುಕೊಳ್ಳಬೇಡಿ.

ಆಪಾಗೆ, ಮಕ್ಕಳಿಗೆ ನನ್ನ ಸಲಾಂ ಹೇಳಿ. ಅಮ್ಮಿಯ ದುವಾ ನಿಮ್ಮ ಜೊತೆಗಿದೆ, ಬಾಯಲ್ಲಿ ಮಾತ್ರ ಹೇಳುವುದಿಲ್ಲ.

ನಿಮ್ಮ ಬೈಗುಳಕ್ಕಾದರೂ ಕಾದಿರುವ ಮಗ,
ದಾನಿಷ್

ತಾ.ಕ.: ಬರೆಯಲು ಧೈರ್ಯ ಸಾಲದೆ ಬಿಟ್ಟಿದ್ದೆ, ಈಗ ಬರೆದುಬಿಡುತ್ತೇನೆ. ನಿನ್ನೆ ಗೊರೇಬಾಳಕ್ಕೆ ಹೋಗಿ ಕಾಕಾನ ಹೆಂಡತಿ ಶಿವಬಸಮ್ಮ ಕಾಕಿಯ ಎದುರಿಗೇ ಅದನ್ನು ಅಳಿಸಲು ಫೋನ್ ತೆಗೆದೆ. ಕಾಕಿ ನನ್ನ ಕೈ ಹಿಡಿದುಕೊಂಡರು. ನಿಮ್ಮ ಕೂಗು ಮುಗಿದ ಮೇಲೆ ಹಿಂದಿನಿಂದ ಕಾಕಾ, ‘ಸಾಕ್ರೀ ಬಾಷಾ ಅವ್ರ, ನೀರು ಕುಡೀರಿ, ಗಂಟಲ ಒಣಗೈತಿ’ ಅನ್ನುವುದು ಅದರಲ್ಲಿದೆ. ಹಾಕಿದವನು ನಾನೇ, ನಾನೇ ಕೇಳಿರಲಿಲ್ಲ. ಕಾಕಾನ ದನಿ ಬೇರೆಲ್ಲೂ ಉಳಿದಿಲ್ಲವಂತೆ. ಕಾಕಿಯ ಫೋನಿಗೆ ಹಾಕಿಕೊಟ್ಟು ಅಳಿಸುತ್ತೇನೆ ಅಂದೆ. ಅದಕ್ಕೆ ಕಾಕಿ, ‘ನನಗ ಒಬ್ಬಾಕಿಗೆ ಬ್ಯಾಡಪಾ. ಮೂವತ್ತು ವರ್ಷ ಊರೂರು ತಿರುಗ್ಯಾರ, ಜನ ಬಾಷಾ ಅವ್ರ ದನಿ ಅಷ್ಟ ಕೇಳ್ಯಾರ. ಇವರದೂ ಒಮ್ಮೆ ಕೇಳ್ಲಿ’ ಅಂದರು. ಅಳಿಸಿಲ್ಲ ಅಬ್ಬಾ. ಒಂದು ಸಲ ಕೊನೆಯವರೆಗೆ ಕೇಳಿ. ಆಮೇಲೂ ಅಳಿಸು ಅಂತಲೇ ಆದರೆ, ನೀವೇ ಬಂದು ಕಾಕಿಗೆ ಹೇಳಬೇಕು. ನನ್ನಿಂದ ಆಗುವುದಿಲ್ಲ.